ಕೊನೆಯ ಪುಟದಲ್ಲೂ ಉಗ್ಗುವ ಹುಡುಗನ ಕಥೆ ಯಾವುದಾದರೂ ಇದೆಯಾ?

ಚಿಕ್ಕಮ್ಮ:

ಅಕ್ಕನ ಮಗನಿಗೆ ಹನ್ನೊಂದು ವರ್ಷ. ಅಕ್ಕ ತೀರಿಕೊಂಡು ಮೂರು ವರ್ಷವಾಯಿತು, ಅಂದಿನಿಂದ ನನ್ನ ಜೊತೆಗೇ ಇದ್ದಾನೆ. ಅಪ್ಪನ ಮುಖ ಅವನಿಗೆ ನೆನಪಿಲ್ಲ. ನಮ್ಮ ಮನೆಯಲ್ಲಿ ಇರುವವರು ನಾವಿಬ್ಬರೇ.

ಮಾತು ಕಲಿತಾಗಿನಿಂದ ಉಗ್ಗುತ್ತಾನೆ. ಅವನಿಗೆ ಎಲ್ಲಕ್ಕಿಂತ ಕಷ್ಟದ ಮಾತು ಅವನ ಹೆಸರೇ. "ಪ"ದಿಂದ ಶುರುವಾಗುತ್ತದೆ. ತುಟಿ ಮುಚ್ಚಿದರೆ ತೆರೆಯುವುದೇ ಇಲ್ಲ. ಅದಕ್ಕೇ ಹೊಸಬರು ಹೆಸರು ಕೇಳಿದರೆ ಬಾಯಿಗೆ ಸುಲಭವಾಗಿ ಬರುವ ಬೇರೆ ಯಾವುದೋ ಹೆಸರು ಹೇಳಿಬಿಡುತ್ತಾನೆ. ಹೋದ ತಿಂಗಳು ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದೆವು. ಒಳಗಿನಿಂದ ಯಾರದೋ ಹೆಸರು ಕೂಗಿದರು, ನಾನು ನಮ್ಮ ಸರದಿ ಇನ್ನೂ ಬಂದಿಲ್ಲ ಅಂತ ಸುಮ್ಮನೆ ಕೂತಿದ್ದೆ. ಇವನು ಎದ್ದು ಹೋದ. ಆಗಲೇ ನನಗೆ ಗೊತ್ತಾಗಿದ್ದು.

ಈಗ ಪುಸ್ತಕದ ವಿಷಯ. ಪರಿಚಯದವರೊಬ್ಬರು ಪ್ರೀತಿಯಿಂದ ಒಂದು ಕಾದಂಬರಿ ತಂದುಕೊಟ್ಟರು. ಉಗ್ಗುವ ಹುಡುಗ, ಕಿಚಾಯಿಸುವ ಸಹಪಾಠಿಗಳು, ಒಳ್ಳೆಯ ಟೀಚರು, ಕೊನೆಗೆ ಭಾಷಣ ಸ್ಪರ್ಧೆ. ವೇದಿಕೆಯ ಮೇಲೆ ಹುಡುಗ ಒಂದು ಸಲವೂ ತಡವರಿಸದೆ ಮಾತಾಡುತ್ತಾನೆ, ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ. ನಮ್ಮವನು ಒಂದೇ ರಾತ್ರಿಯಲ್ಲಿ ಓದಿ ಮುಗಿಸಿದ. ಬೆಳಿಗ್ಗೆ ಪುಸ್ತಕ ನನ್ನ ಕೈಗಿಟ್ಟು, "ಚಿಕ್ಕೀ, ಇವನಿಗೆ ಹೋಯ್ತಲ್ಲ. ನಾನು ಸರಿಯಾಗಿ ಪ್ರಯತ್ನ ಮಾಡ್ತಿಲ್ವಾ?" ಅಂದ. ಅಷ್ಟು ಹೇಳಲು ಅವನಿಗೆ ಎಷ್ಟು ಹೊತ್ತು ಬೇಕಾಯಿತು ಅನ್ನುವುದನ್ನು ಬರೆಯಲಾರೆ.

ಆಮೇಲೆ ಆ ಥರದ ಯಾವ ಪುಸ್ತಕವನ್ನೂ ಮುಟ್ಟುತ್ತಿಲ್ಲ. ಹಿಂಬದಿಯ ಹೊದಿಕೆ ಓದಿ, "ಕೊನೆಗೆ ಎಲ್ಲ ಸರಿಹೋಗುತ್ತೆ" ಅಂತ ವಾಪಸ್ ಇಡುತ್ತಾನೆ. ಕಷ್ಟ ಮಾಯವಾಗದೆಯೂ ಗೆಲ್ಲುವ ಮಕ್ಕಳ ಕಥೆಗಳು ಬೇಕು. ಅಪ್ಪ, ಅಮ್ಮ, ಇಬ್ಬರು ಮಕ್ಕಳು ಅನ್ನುವ ಮನೆಯೇ ಇರಬೇಕಾಗಿಲ್ಲ ಅಂತ ಗೊತ್ತಿರುವವರು ಬರೆದದ್ದಾದರೆ ಇನ್ನೂ ಒಳ್ಳೆಯದು. ಇಂಗ್ಲಿಷ್ ಆದರೂ ಪರವಾಗಿಲ್ಲ. ತಕ್ಕಮಟ್ಟಿಗೆ ಓದುತ್ತಾನೆ, ತಿಳಿಯದ ಕಡೆ ನಾನು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳುತ್ತೇನೆ.

ಗಣಿತದ ಮೇಷ್ಟ್ರು:

ಚಿಕ್ಕಮ್ಮನವರೇ, ಆ ಹಲ್ಲಿನ ಡಾಕ್ಟರ ಪ್ರಸಂಗ ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ. ನನಗೆ ಐವತ್ತೆರಡು ವರ್ಷ. ಇಪ್ಪತ್ತೇಳು ವರ್ಷದಿಂದ ಗಣಿತ ಹೇಳಿಕೊಡುತ್ತಿದ್ದೇನೆ, ಇಪ್ಪತ್ತೇಳು ವರ್ಷವೂ ಉಗ್ಗಿಕೊಂಡೇ. "ತ್ರಿಕೋನ" ಬಾಯಿಗೆ ಬರದ ದಿನ ಬೋರ್ಡಿನ ಮೇಲೆ ಬರೆದು ತೋರಿಸುತ್ತೇನೆ. ಚಿಕ್ಕವನಿದ್ದಾಗ ನಾನೂ ಬೇರೆ ಹೆಸರು ಹೇಳಿದ್ದೇನೆ. ಅದು ಸುಳ್ಳಲ್ಲ, ದಯವಿಟ್ಟು ಅದಕ್ಕೆ ಅವನನ್ನು ಗದರಬೇಡಿ.

ನಿಮಗೆ ಬೇಕಾದ ಪುಸ್ತಕ ಇದೆ. ಹೆಸರು ಪೇಪರ್‌ಬಾಯ್, ಬರೆದವರು ವಿನ್ಸ್ ವಾಟರ್. 2013ರಲ್ಲಿ ಬಂತು, ಮರುವರ್ಷ ಅಮೆರಿಕದಲ್ಲಿ ಮಕ್ಕಳ ಪುಸ್ತಕಗಳಿಗೆ ಕೊಡುವ ನ್ಯೂಬೆರಿ ಆನರ್ ಗೌರವ ಸಿಕ್ಕಿತು. ಲೇಖಕರೇ ಉಗ್ಗುವವರು. ಕಥೆ ನಡೆಯುವುದು 1959ರಲ್ಲಿ, ಅಮೆರಿಕದ ಮೆಂಫಿಸ್ ಊರಿನಲ್ಲಿ. ಕಥೆ ಹೇಳುವ ಹುಡುಗನಿಗೂ ನಿಮ್ಮ ಹುಡುಗನಷ್ಟೇ ವಯಸ್ಸು, ಹನ್ನೊಂದು. ಗೆಳೆಯನ ಬದಲಿಗೆ ಜುಲೈ ತಿಂಗಳಿಡೀ ಪೇಪರ್ ಹಾಕಲು ಒಪ್ಪಿಕೊಳ್ಳುತ್ತಾನೆ. ಪೇಪರ್ ಎಸೆಯುವುದರಲ್ಲಿ ಅವನದು ಎತ್ತಿದ ಕೈ. ಹೆದರಿಕೆ ಇರುವುದು ಶುಕ್ರವಾರಗಳದ್ದು. ಅಂದು ಮನೆಮನೆಯ ಬಾಗಿಲು ಬಡಿದು ದುಡ್ಡು ಕೇಳಬೇಕು, ಅಂದರೆ ಮಾತಾಡಬೇಕು.

ಹುಡುಗ ಈ ಕಥೆಯನ್ನು ಟೈಪ್ ಮಾಡುತ್ತಾನೆ, ಯಾಕೆಂದರೆ ಬಾಯಲ್ಲಿ ಹೇಳಲಾರ. ಅವನ ಬರಹದಲ್ಲಿ ಒಂದೇ ಒಂದು ಅಲ್ಪವಿರಾಮ ಇಲ್ಲ. ಮಾತಿನಲ್ಲಿ ಬೇಡದ ಕಡೆಯೆಲ್ಲ ನಿಂತೂ ನಿಂತೂ ಸಾಕಾಗಿರುವ ಹುಡುಗ ಬರೆಯುವಾಗಲೂ ಯಾಕೆ ನಿಲ್ಲಬೇಕು? ಆ ಪುಟಗಳನ್ನು ಮೊದಲ ಸಲ ಓದಿದಾಗ, ನನ್ನ ಒಳಗಿನ ಮಾತು ಇಷ್ಟು ವೇಗವಾಗಿ ಹರಿಯುತ್ತದೆ ಅಂತ ಇನ್ನೊಬ್ಬರಿಗೂ ಗೊತ್ತಲ್ಲ ಅನಿಸಿತ್ತು. ಇನ್ನೊಂದು ವಿಷಯ. ಗೆಳೆಯನ ನಿಜವಾದ ಹೆಸರು ಆರ್ಟ್. ಅದು ಬಾಯಿಗೆ ಬರುವುದಿಲ್ಲ ಅಂತ ಇವನು ರ್‍ಯಾಟ್ ಅನ್ನುತ್ತಾನೆ. ಅಕ್ಷರ ನೋಡಿ ಹೆಸರು ಬದಲಿಸುವ ಆ ಲೆಕ್ಕಾಚಾರ ನಿಮ್ಮವನಿಗೆ ಬಾಯಿಪಾಠ ಆಗಿರುತ್ತದೆ.

ಕಥೆ ಹೇಳುವವನ ಹೆಸರು ಮಾತ್ರ ಬಹಳ ದೂರದವರೆಗೆ ನಮಗೆ ತಿಳಿಯುವುದಿಲ್ಲ. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ, ನೀವೂ ಅವನಿಗೆ ಮೊದಲೇ ಹೇಳಬೇಡಿ. ಕೊನೆಗೂ ಅವನ ಉಗ್ಗು ಹೋಗುವುದಿಲ್ಲ, ಅದನ್ನು ಬೇಕಾದರೆ ಈಗಲೇ ಹೇಳಿಬಿಡಿ. ನಮ್ಮಂಥವರಿಗೆ ಅದು ಭರವಸೆಯ ಮಾತು.

ಎರಡು ಎಚ್ಚರಿಕೆ. ಹುಡುಗ ಮನೆಯಲ್ಲಿ ತನ್ನ ಜನನ ಪ್ರಮಾಣಪತ್ರ ನೋಡಿಬಿಡುತ್ತಾನೆ. ಅದರಲ್ಲಿ ಅಪ್ಪನ ಹೆಸರಿನ ಜಾಗದಲ್ಲಿ "ಗೊತ್ತಿಲ್ಲ" ಎಂದಿರುತ್ತದೆ. ತನ್ನನ್ನು ಸಾಕಿದವರು ಹೆತ್ತ ತಂದೆಯಲ್ಲ ಎಂದು ಅವನಿಗೆ ತಿಳಿಯುವುದು ಹಾಗೆ. ಆ ಸಂಜೆ ನೀವು ಪಕ್ಕದಲ್ಲಿರಿ. ಇನ್ನೊಂದು, ಚಾಕು ಹಿಡಿದ ಕೆಟ್ಟ ಮನುಷ್ಯ ಒಬ್ಬ ಬರುತ್ತಾನೆ, ಒಂದು ಹೊಡೆದಾಟವೂ ಇದೆ. ಹುಡುಗನನ್ನು ನೋಡಿಕೊಳ್ಳುವ ಕಪ್ಪು ಹೆಂಗಸು ಬಸ್ಸಿನ ಹಿಂದಿನ ಸೀಟಿನಲ್ಲೇ ಕೂರಬೇಕಾಗಿದ್ದ ಕಾಲ ಅದು. ನಿಮ್ಮವನು ಯಾಕೆ ಎಂದು ಕೇಳುತ್ತಾನೆ, ಉತ್ತರ ಸಿದ್ಧವಿರಲಿ.

ಹೈಡಿ, ದಿ ಸೀಕ್ರೆಟ್ ಗಾರ್ಡನ್ ಅನ್ನುವ ಹಳೆಯ ಮಕ್ಕಳ ಕಾದಂಬರಿಗಳನ್ನು ಸದ್ಯಕ್ಕೆ ಕೊಡಬೇಡಿ. ಹೈಡಿಯಲ್ಲಿ ಗಾಲಿಕುರ್ಚಿ ಬೆಟ್ಟದಿಂದ ಉರುಳಿ ಒಡೆದುಹೋಗುತ್ತದೆ, ಅದರಲ್ಲಿ ಕೂರುತ್ತಿದ್ದ ಕ್ಲಾರಾ ನಡೆಯುತ್ತಾಳೆ. ಇನ್ನೊಂದರಲ್ಲಿ ಹಾಸಿಗೆ ಹಿಡಿದಿದ್ದ ಹುಡುಗ ಕಾಲಿನ್ ಎದ್ದು ಓಡುತ್ತಾನೆ. ಬೆಟ್ಟದ ಗಾಳಿ, ತೋಟ, ಒಳ್ಳೆಯ ಮನಸ್ಸು ಇದ್ದರೆ ಎಲ್ಲ ವಾಸಿಯಾಗುತ್ತದೆ ಅನ್ನುವ ಕಥೆ, ವಾಸಿಯಾಗದ ಮಗುವಿನ ಮೇಲೆ ತಪ್ಪು ಹೊರಿಸಿದ ಹಾಗೆ.

ಹಳೆಯ ಕಪಾಟು:

ಮೇಷ್ಟ್ರ ಪೇಪರ್‌ಬಾಯ್ ಸಲಹೆಗೆ ನನ್ನದೂ ಒಪ್ಪಿಗೆ. ಆದರೆ ಸೀಕ್ರೆಟ್ ಗಾರ್ಡನ್ ಬಗ್ಗೆ ಒಂದು ಮಾತು. ಮಕ್ಕಳ ಗ್ರಂಥಾಲಯದಲ್ಲಿ ಹದಿನೆಂಟು ವರ್ಷ ಕೆಲಸ ಮಾಡಿದವಳು ನಾನು. 1911ರ ಆ ಪುಸ್ತಕದಲ್ಲಿ ಕಾಲಿನ್‌ನ ಬೆನ್ನಿಗೆ ಏನೂ ಆಗಿರುವುದಿಲ್ಲ. ಗೂನು ಬರುತ್ತದೆ, ಬಹಳ ದಿನ ಬದುಕುವುದಿಲ್ಲ ಅಂತ ಸುತ್ತಲಿನವರು ಪಿಸುಗುಟ್ಟಿ ಪಿಸುಗುಟ್ಟಿ ಅವನನ್ನು ಮಂಚಕ್ಕೆ ಕಟ್ಟಿಹಾಕಿರುತ್ತಾರೆ. ಕಥಾನಾಯಕಿ ಮೇರಿ ಅವನ ಬೆನ್ನು ನೋಡಿ, ಇಲ್ಲಿ ಗಂಟೂ ಇಲ್ಲ ಏನೂ ಇಲ್ಲ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳುತ್ತಾಳೆ. ಬೇರೆಯವರ ಮಾತು ಮಗುವಿನ ಮೈಯೊಳಗೆ ಹೇಗೆ ಮನೆಮಾಡುತ್ತದೆ ಅನ್ನುವುದಕ್ಕೆ ಆ ಅಧ್ಯಾಯ ಸಾಕು. ಹದಿಮೂರು ಹದಿನಾಲ್ಕರ ಹೊತ್ತಿಗೆ ಕೊಡಿ, ಜೊತೆಗೆ ಕೂತು ಜಗಳವಾಡುತ್ತಾ ಓದಿ.

ಈಗ ಕೊಡಬೇಕಾದದ್ದು ತೊತ್ತೋಚಾನ್. ತೆತ್ಸುಕೋ ಕುರೊಯಾನಾಗಿ ತಮ್ಮ ಬಾಲ್ಯವನ್ನೇ ಬರೆದದ್ದು, ಜಪಾನಿನಲ್ಲಿ 1981ರಲ್ಲಿ ಪ್ರಕಟವಾಯಿತು, ಕನ್ನಡದಲ್ಲೂ ಇದೆ. ರೈಲು ಡಬ್ಬಿಗಳಲ್ಲಿ ನಡೆಯುವ ಶಾಲೆಯ ಕಥೆ ಅಂತ ಎಲ್ಲರಿಗೂ ಗೊತ್ತು. ನಿಮ್ಮ ಹುಡುಗನಿಗೆ ಬೇಕಾದ ಅಧ್ಯಾಯಗಳು ಎರಡು. ಒಂದು, ಮೊದಲ ದಿನ ಹೆಡ್‌ಮಾಸ್ಟರ್ ಕೊಬಾಯಾಶಿ ತೊತ್ತೋಚಾನ್ ಅನ್ನುವ ಪುಟ್ಟ ಹುಡುಗಿಯ ಎದುರು ಕುರ್ಚಿ ಎಳೆದುಕೊಂಡು ಕೂತು, ಅವಳ ಮಾತನ್ನು ನಾಲ್ಕು ಗಂಟೆ ಕೇಳುತ್ತಾರೆ. ಆಕಳಿಸುವುದಿಲ್ಲ, ಅವಸರ ಮಾಡುವುದಿಲ್ಲ. ಅವಳು ಹಿಂದಿನ ಶಾಲೆಯಿಂದ ಹೊರಹಾಕಿಸಿಕೊಂಡು ಬಂದವಳು.

ಇನ್ನೊಂದು ಮರ ಹತ್ತುವ ಅಧ್ಯಾಯ. ಪೋಲಿಯೋ ಆದ ಯಾಸುಆಕಿ ಒಮ್ಮೆಯೂ ಮರ ಹತ್ತಿದವನಲ್ಲ. ತೊತ್ತೋಚಾನ್ ಮನೆಯಲ್ಲಿ ಹೇಳದೆ ಅವನನ್ನು ಕರೆಸಿಕೊಳ್ಳುತ್ತಾಳೆ. ಮೊದಲು ಏಣಿ ತರುತ್ತಾಳೆ, ಆಗುವುದಿಲ್ಲ. ಆಮೇಲೆ ಮಡಚುವ ಏಣಿ ಎಳೆದುಕೊಂಡು ಬರುತ್ತಾಳೆ. ಬೆವರು ಸುರಿಸಿ ಹೇಗೋ ಅವನನ್ನು ಕೊಂಬೆಗೆ ಎಳೆದುಕೊಳ್ಳುತ್ತಾಳೆ. ಮೇಲೆ ಕೂತ ಮೇಲೆ ಇಬ್ಬರೂ ಟೆಲಿವಿಷನ್ ಅನ್ನುವ ಹೊಸ ವಸ್ತುವಿನ ಬಗ್ಗೆ ಮಾತಾಡುತ್ತಾರೆ, ಅಷ್ಟೇ. ಅವನ ಕಾಲು ಹಾಗೇ ಇರುತ್ತದೆ. ಅವನು ಅಂದು ಮರದ ಮೇಲಿನಿಂದ ಲೋಕ ನೋಡಿದ. ಮುಂದೆ ಯಾಸುಆಕಿ ತೀರಿಕೊಳ್ಳುತ್ತಾನೆ, ಅದನ್ನು ನೀವು ಮೊದಲೇ ತಿಳಿದಿರಿ.

ಮಾತಿನ ಥೆರಪಿಸ್ಟ್:

ಪುಸ್ತಕದ ಹೆಸರಿಗಿಂತ ಓದುವ ರೀತಿಯ ಬಗ್ಗೆ ಹೇಳಬೇಕೆನಿಸಿತು. ಇಬ್ಬರೂ ಒಂದೇ ಸಾಲನ್ನು ಒಟ್ಟಿಗೆ ಜೋರಾಗಿ ಓದಿ ನೋಡಿ. ಉಗ್ಗುವ ಬಹುತೇಕರಿಗೆ ಹಾಗೆ ದನಿಗೂಡಿಸಿ ಓದುವಾಗ ಉಗ್ಗು ತಟ್ಟನೆ ಕಡಿಮೆಯಾಗುತ್ತದೆ, ಹಾಡುವಾಗ ಆಗುವಂತೆ. ಒಬ್ಬರೇ ಮಾತಾಡತೊಡಗಿದರೆ ಮತ್ತೆ ಬರುತ್ತದೆ. ಇದು ಚಿಕಿತ್ಸೆಯಲ್ಲ. "ನೋಡು, ಈಗ ಎಷ್ಟು ಚೆನ್ನಾಗಿ ಬಂತು!" ಅಂತ ಮಾತ್ರ ಹೇಳಬೇಡಿ. ಹಾಗೆಂದರೆ ಉಳಿದ ಹೊತ್ತು ಕೆಟ್ಟದಾಗಿ ಮಾತಾಡುತ್ತೀಯ ಅಂದಂತಾಯಿತು. ಕಥೆಯ ಸುಖಕ್ಕೆ ಓದಿ.

ಅವನ ಪ್ರಶ್ನೆಗೆ ನೇರ ಉತ್ತರ ಕೊಡಿ. ಚಿಕ್ಕಂದಿನಲ್ಲಿ ನೂರಕ್ಕೆ ಸುಮಾರು ಐದು ಮಕ್ಕಳು ಒಂದಲ್ಲ ಒಂದು ಹಂತದಲ್ಲಿ ಉಗ್ಗುತ್ತಾರೆ, ಹೆಚ್ಚಿನವರಿಗೆ ತಾನಾಗಿ ಹೋಗುತ್ತದೆ. ದೊಡ್ಡವರಲ್ಲಿ ಉಳಿಯುವುದು ನೂರಕ್ಕೆ ಒಬ್ಬರಿಗೆ. ಯಾರಿಗೆ ಉಳಿಯುತ್ತದೆ ಅನ್ನುವುದರಲ್ಲಿ ವಂಶವಾಹಿಗಳ ಪಾಲಿದೆ, ಮಾತನ್ನು ನಡೆಸುವ ಮೆದುಳಿನ ಭಾಗಗಳ ಪಾಲಿದೆ. ಪ್ರಯತ್ನ ಸಾಲದು ಅನ್ನುವುದು ಕಾರಣವೇ ಅಲ್ಲ. ಥೆರಪಿಯಿಂದ ಮಾತಾಡುವುದು ಸುಲಭವಾಗುತ್ತದೆ, ಭಯ ಇಳಿಯುತ್ತದೆ. ಹನ್ನೊಂದರವರೆಗೆ ಉಳಿದದ್ದು ಪೂರ್ತಿ ಅಳಿಸಿಹೋಗುತ್ತದೆ ಅಂತ ಯಾರಾದರೂ ಖಾತ್ರಿ ಕೊಟ್ಟರೆ ನಂಬಬೇಡಿ.

ಒಂದು ಚಿತ್ರಪುಸ್ತಕವನ್ನೂ ತರಿಸಿ: ಐ ಟಾಕ್ ಲೈಕ್ ಎ ರಿವರ್, 2020. ಬರೆದ ಜೋರ್ಡನ್ ಸ್ಕಾಟ್ ಉಗ್ಗುವ ಕವಿ, ಚಿತ್ರ ಸಿಡ್ನಿ ಸ್ಮಿತ್ ಅವರದು. ಚಿಕ್ಕ ಮಕ್ಕಳದ್ದು ಅಂತ ಬಿಡಬೇಡಿ. ಅದರ ಹುಡುಗನಿಗೂ ಕಷ್ಟವಾಗುವ ಅಕ್ಷರಗಳಲ್ಲಿ ಮೊದಲನೆಯದು "ಪ" ಸದ್ದಿನದೇ. ಪೈನ್ ಮರದ ಆ ಅಕ್ಷರ ಅವನ ಬಾಯೊಳಗೆ ಬೇರು ಬಿಡುತ್ತದೆ. ಶಾಲೆಯಲ್ಲಿ ಕೆಟ್ಟ ದಿನ ಕಳೆದ ಮೇಲೆ ಅಪ್ಪ ಅವನನ್ನು ನದಿಗೆ ಕರೆದೊಯ್ದು ನೀರು ತೋರಿಸುತ್ತಾನೆ. ನದಿಯೂ ಗುಳುಗುಳು ಅನ್ನುತ್ತದೆ, ಸುಳಿ ಸುತ್ತುತ್ತದೆ, ಬಂಡೆಗೆ ಬಡಿಯುತ್ತದೆ. ಕಥೆಯಲ್ಲಿ ಅಪ್ಪ ಇದ್ದಾನೆ ಅಂತ ನಿಮಗೆ ಅಳುಕಾದರೆ ಮೊದಲು ನೀವೇ ಓದಿಕೊಳ್ಳಿ.

ರಾತ್ರಿ ಓದುಗ:

ಅಮ್ಮನನ್ನು ಕಳೆದುಕೊಂಡ ಹುಡುಗನಿಗೆ ಎ ಮಾನ್ಸ್ಟರ್ ಕಾಲ್ಸ್ ಯಾಕೆ ಯಾರೂ ಹೇಳಲಿಲ್ಲ? ಪ್ಯಾಟ್ರಿಕ್ ನೆಸ್, 2011. ಅಮ್ಮನಿಗೆ ಕಾಯಿಲೆ, ರಾತ್ರಿ ಕಿಟಕಿಗೆ ಮರದ ರೂಪದ ದೈತ್ಯ ಬರುತ್ತಾನೆ. ಹುಡುಗ ಒಳಗೆ ಬಚ್ಚಿಟ್ಟ ಸತ್ಯವನ್ನು ಬಾಯಿಬಿಟ್ಟು ಹೇಳಲೇಬೇಕು.

ಹಳೆಯ ಕಪಾಟು:

ದೊಡ್ಡ ಪುಸ್ತಕ, ನಿಜ. ಆದರೆ ಅವನು ಕೇಳುವವರೆಗೂ ಕಾಯಿರಿ. ಅಮ್ಮ ಇಲ್ಲದ ಮಗುವಿಗೆ ಎಲ್ಲರೂ ಅಮ್ಮ ಸಾಯುವ ಪುಸ್ತಕವನ್ನೇ ಕೊಡುತ್ತಾರೆ. ಅವನಿಗೆ ಪೇಪರ್ ಎಸೆಯುವ ಹುಡುಗನೂ ಬೇಕು, ಮರದ ಮೇಲೆ ಕೂತು ಟಿವಿ ಬಗ್ಗೆ ಹರಟುವ ಮಕ್ಕಳೂ ಬೇಕು.

ಚಿಕ್ಕಮ್ಮ:

ಐದು ವಾರ ಕಳೆಯಿತು, ತಡವಾಗಿ ಬರೆಯುತ್ತಿದ್ದೇನೆ. ಎಲ್ಲರಿಗೂ ಕೈಮುಗಿಯುತ್ತೇನೆ.

ಮೊದಲು ನದಿಯ ಪುಸ್ತಕ ಬಂತು. ಹುಡುಗನ ಮುಖದ ಪುಟಗಳನ್ನು ಎರಡೂ ಕಡೆಗೆ ಬಿಡಿಸಿದರೆ ಪೂರಾ ನೀರು ಹರಡಿಕೊಳ್ಳುತ್ತದೆ. ಅದನ್ನು ಬಿಡಿಸಿ, ಮಡಚಿ, ಮತ್ತೆ ಬಿಡಿಸಿ ನೋಡುತ್ತಾ ಕೂತ. ಅಪ್ಪನ ಬಗ್ಗೆ ಏನೂ ಕೇಳಲಿಲ್ಲ. "ನೀನೂ ನನ್ನ ಕರ್ಕೊಂಡು ಹೋಗ್ತೀಯಾ?" ಅಂದ. ಹೋಗಿ ಬಂದೆವು. ನೀರಿನ ಹತ್ತಿರ ಇಬ್ಬರೂ ಏನೂ ಮಾತಾಡಲಿಲ್ಲ.

"ನಾನು ಸರಿಯಾಗಿ ಪ್ರಯತ್ನ ಮಾಡ್ತಿಲ್ವಾ" ಅಂದಿದ್ದಕ್ಕೆ ಥೆರಪಿಸ್ಟ್ ಅವರು ಬರೆದದ್ದನ್ನೇ ಓದಿ ಹೇಳಿದೆ. ನೂರಕ್ಕೆ ಒಬ್ಬರು ಅಂದರೆ ತಮ್ಮ ಶಾಲೆಯಲ್ಲಿ ಎಷ್ಟು ಜನ ಅಂತ ಲೆಕ್ಕ ಹಾಕಿದ. ಅದು ದೊಡ್ಡವರ ಲೆಕ್ಕ ಅಂದೆ. ಹಾಗಾದರೆ ಟೀಚರುಗಳನ್ನು ಎಣಿಸುತ್ತೇನೆ ಅಂದ. ಮೇಷ್ಟ್ರೇ, ನಿಮ್ಮ ಬಗ್ಗೆ ಹೇಳಿದ್ದೇನೆ. ತ್ರಿಕೋನವನ್ನು ಬೋರ್ಡಿನ ಮೇಲೆ ಬರೆಯುವ ವಿಷಯ ಅವನಿಗೆ ಬಹಳ ಹಿಡಿಸಿತು.

ಈಗ ಪೇಪರ್‌ಬಾಯ್ ನಡೆಯುತ್ತಿದೆ. ರಾತ್ರಿ ಹತ್ತು ಹದಿನೈದು ಪುಟ, ಒಂದಷ್ಟು ಇಬ್ಬರೂ ದನಿಗೂಡಿಸಿ, ಒಂದಷ್ಟು ನಾನು ಕನ್ನಡದಲ್ಲಿ. ಎರಡನೆಯ ರಾತ್ರಿಯೇ ಅಲ್ಪವಿರಾಮ ಇಲ್ಲದ್ದನ್ನು ಕಂಡುಹಿಡಿದ. ನಾನು ಹೇಳಿರಲಿಲ್ಲ. ಮರುದಿನ ಅವನ ನೋಟ್‌ಬುಕ್ಕಿನಲ್ಲಿ ಒಂದು ಪುಟ ತುಂಬ ಎಲ್ಲೂ ನಿಲ್ಲದ ಒಂದೇ ವಾಕ್ಯ ಇತ್ತು. ಏನು ಬರೆದಿದ್ದ ಅನ್ನುವುದು ಅವನದು, ಇಲ್ಲಿ ಹಾಕುವುದಿಲ್ಲ.

ಪ್ರಮಾಣಪತ್ರದ ಭಾಗ ಮೊನ್ನೆ ಬಂತು. ಓದುತ್ತಿದ್ದವನು ನಿಲ್ಲಿಸಿ, ತನ್ನದು ಎಲ್ಲಿದೆ ಅಂತ ಕೇಳಿದ. ಬೀರುವಿನಿಂದ ತೆಗೆದು ಕೊಟ್ಟೆ. ಅಮ್ಮನ ಹೆಸರಿನ ಮೇಲೆ ಬೆರಳಿಟ್ಟು ನೋಡಿದ. ಅಪ್ಪನ ಹೆಸರನ್ನೂ ಓದಿದ, ಮನಸ್ಸಿನಲ್ಲೇ. ಆಮೇಲೆ, "ನಿನ್ನ ಹೆಸರು ಇದರಲ್ಲಿ ಎಲ್ಲೂ ಇಲ್ವಲ್ಲ" ಅಂದ. ಇಲ್ಲ ಅಂದೆ. ಪುಸ್ತಕ ಮುಚ್ಚಿ ಮಲಗಿದೆವು.

ನಿನ್ನೆ ರಾತ್ರಿ ನನಗೇ ತಡೆಯಲಾಗಲಿಲ್ಲ. ಈ ಹುಡುಗನ ಹೆಸರೇನಿರಬಹುದು, ಕೊನೆಯ ಪುಟಗಳಲ್ಲಿ ನೋಡಿಬಿಡೋಣವಾ ಅಂತ ಕೇಳಿದೆ. ಪುಸ್ತಕದ ಮೇಲೆ ಕೈ ಅಡ್ಡ ಇಟ್ಟ. "ಬೇಡ" ಅನ್ನುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು, ನಾನು ಕಾದೆ. "ಬೇಡ ಚಿಕ್ಕೀ. ಅವನೇ ಹೇಳಲಿ."