ಸಹಾಯ ಬೇಕು: ವೈಫೈ 6 ರೂಟರ್‌ನಲ್ಲಿ 5 ಗಿಗಾಹರ್ಟ್ಸ್ ಆಗಾಗ ಮಾಯವಾಗುತ್ತಿದೆ

ಎಲ್ಲರಿಗೂ ನಮಸ್ಕಾರ. ಮನೆಗೆ ಹೊಸ ವೈಫೈ 6 ರೂಟರ್ ಹಾಕಿಸಿದ್ದೇವೆ. ಸ್ಪೀಡ್ ಚೆನ್ನಾಗಿದೆ. ಆದರೆ 5 ಗಿಗಾಹರ್ಟ್ಸ್ ನೆಟ್‌ವರ್ಕ್ ಇದ್ದಕ್ಕಿದ್ದಂತೆ ಮಾಯವಾಗಿ, ಒಂದೆರಡು ನಿಮಿಷ ಬಿಟ್ಟು ಮತ್ತೆ ಬರುತ್ತದೆ. 2.4ರಲ್ಲಿ ಈ ತೊಂದರೆ ಇಲ್ಲ. ಮಗಳ ಆನ್‌ಲೈನ್ ಕ್ಲಾಸ್ ಅರ್ಧಕ್ಕೇ ನಿಂತುಹೋಗುತ್ತದೆ, ಪಾಪ.

ರೀಸ್ಟಾರ್ಟ್ ಮಾಡಿದೆ, ಫರ್ಮ್‌ವೇರ್ ಅಪ್‌ಡೇಟ್ ಮಾಡಿದೆ, ರೂಟರ್ ಇಟ್ಟ ಜಾಗವನ್ನೂ ಬದಲಿಸಿದೆ. ರೂಟರ್‌ನ ಲಾಗ್‌ನಲ್ಲಿ (ಅದು ಬರೆದಿಡುವ ದಾಖಲೆಯಲ್ಲಿ) ಪ್ರತಿ ಸಲ ರೇಡಾರ್ ಪತ್ತೆಯಾಯಿತು ಅಂತ ಬರುತ್ತದೆ. ಚಾನೆಲ್ ಅಗಲ 160 ಮೆಗಾಹರ್ಟ್ಸ್ ಇದೆ, ಅಂದರೆ ಚಾನೆಲ್ 36ರಿಂದ 64ರವರೆಗೂ ಹರಡಿಕೊಳ್ಳುತ್ತದೆ. ಇದರಲ್ಲಿ 52ರಿಂದ 64ರವರೆಗಿನ ಚಾನೆಲ್‌ಗಳಲ್ಲಿ ರೇಡಾರ್ ಸಿಗ್ನಲ್ ಕಂಡರೆ ರೂಟರ್ ಆ ಚಾನೆಲ್ ಬಿಡಲೇಬೇಕು, ಅಲ್ವಾ? ಆದರೆ ನಮ್ಮ ಹತ್ತಿರ ಏರ್‌ಪೋರ್ಟೇ ಇಲ್ಲ. ಗೊಂದಲ ಇರುವುದು ಅಲ್ಲೇ.

ಅಗಲವನ್ನು 80ಕ್ಕೆ ಇಳಿಸಿ ಚಾನೆಲ್ 36ರಲ್ಲೇ ನಿಲ್ಲಿಸಿದರೆ ಸಾಕಾ? ಅಥವಾ ರೂಟರೇ ಸುಮ್ನೆ ತಪ್ಪಾಗಿ ಗುರುತಿಸುತ್ತಿದೆ ಅಂತ ವಾರಂಟಿಯಲ್ಲಿ ಬದಲಿಸಿಕೊಳ್ಳಬೇಕಾ?