ಸುತ್ತಿಗೆ ಮತ್ತು ಎಣ್ಣೆಡಬ್ಬಿ

ನನಗೆ ಇಬ್ಬರು ಗೆಳೆಯರಿದ್ದಾರೆ. ಒಬ್ಬನಿಗೆ ಎಲ್ಲವೂ ಟೈಟಾಗಿರಬೇಕು, ಅವನನ್ನು ಸುತ್ತಿಗೆ ಎನ್ನುತ್ತೇವೆ. ಇನ್ನೊಬ್ಬನಿಗೆ ಎಲ್ಲವೂ ಸಲೀಸಾಗಿ ಜಾರಬೇಕು, ಅವನು ಎಣ್ಣೆಡಬ್ಬಿ. ಯಂತ್ರದ ಭಾಗಗಳ ಡ್ರಾಯಿಂಗ್ ಮಾಡುವವನು ನಾನು, ಹಾಗಾಗಿ ಇಬ್ಬರ ಬೈಗುಳವೂ ನನ್ನ ಪಾಲಿಗೆ.

"ಬೇರಿಂಗ್ ಅಂದಮೇಲೆ ಒಳಗೂ ಟೈಟ್, ಹೊರಗೂ ಟೈಟ್" ಎಂದು ಮೊನ್ನೆ ಸುತ್ತಿಗೆ ಶುರು ಮಾಡಿದ. ಬೇರಿಂಗ್ ಅಂದರೆ ಎರಡು ರಿಂಗುಗಳ ನಡುವೆ ಉರುಳುವ ಗುಂಡುಗಳು; ಒಳ ರಿಂಗಿಗೆ ಶಾಫ್ಟ್ ಎಂಬ ದಂಡ ತೂರುತ್ತದೆ, ಹೊರ ರಿಂಗ್ ತನ್ನ ಗೂಡಿನಲ್ಲಿ ಕೂರುತ್ತದೆ.

"ಎರಡೂ ಕಡೆ ಹಿಂಡಿದರೆ ಮಧ್ಯದ ಗುಂಡುಗಳು ಉಸಿರಾಡೋದು ಹೇಗೋ?"

ಎಣ್ಣೆಡಬ್ಬಿ ಹೇಳಿದ್ದು ಸರಿ. ಒಳ ರಿಂಗ್ ಹಿಗ್ಗಿ, ಹೊರ ರಿಂಗ್ ಕುಗ್ಗಿದರೆ ಗುಂಡುಗಳ ಸಂದು ಮಾಯ. ಬೇರಿಂಗ್ ಬಿಸಿಯಾಗುತ್ತದೆ, ಆಮೇಲೆ ಕಿರುಚುತ್ತದೆ.

"ಹಾಗಾದ್ರೆ ಎರಡೂ ಕಡೆ ಲೂಸ್ ಬಿಡೋಣ" ಎಂದ ಅವನೇ. ಸುಮ್ನೆ ಇರಬಾರದಿತ್ತೇ! ಶಾಫ್ಟ್ ತಿರುಗುತ್ತಾ ಭಾರ ಒಂದೇ ದಿಕ್ಕಿನಿಂದ ಬೀಳುವಾಗ, ಲೂಸಾದ ಒಳ ರಿಂಗ್ ಮೆಲ್ಲಗೆ ತೆವಳುತ್ತಾ ಶಾಫ್ಟನ್ನೇ ಸವೆಸುತ್ತದೆ. ಅದಕ್ಕೇ ಒಳಗೆ ಬಿಗಿ, ಹೊರಗೆ ಸ್ವಲ್ಪ ಸಡಿಲ ಎಂದೆ.

"ಆಕ್ಸಲ್ ನಿಂತು ಚಕ್ರ ತಿರುಗಿದರೆ?" ಎಂದ ಸುತ್ತಿಗೆ.

"ಆಗ ಉಲ್ಟಾ."

"ನೋಡಪ್ಪಾ, ಇವನ ಮಾತಿಗೇ ಫಿಟ್ ಇಲ್ಲ!" ಫಿಟ್ ಅಂದರೆ ಒಂದು ಭಾಗ ಇನ್ನೊಂದರೊಳಗೆ ಎಷ್ಟು ಬಿಗಿಯಾಗಿ ಕೂರುತ್ತದೆ ಎಂಬುದು.

ಹಾಳೆ ತೆಗೆದೆ. ಶಾಫ್ಟಿಗೆ ಕೂರಿಸಬೇಕಾದ ಗಿಯರಿನ ತೂತು 25 ಮಿಲಿಮೀಟರ್, ಎಚ್7. ಎಚ್7, ಜಿ6, ಪಿ6 ಎಂಬುವು ಅಳತೆ ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಎಂದು ಹೇಳುವ ಗುರುತುಗಳು. ಅಂದರೆ 25ರಿಂದ 25.021ರವರೆಗೆ ಎಷ್ಟಾದರೂ ಇರಬಹುದು. ಶಾಫ್ಟ್ ಜಿ6 ಆದರೆ ಕಡಿಮೆ ಅಂದರೂ 7 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಸಂದು ಉಳಿಯುತ್ತದೆ, ಜಾರುತ್ತದೆ. ಪಿ6 ಆದರೆ ಶಾಫ್ಟ್ 25.022ರಿಂದ 25.035. ಎಷ್ಟೇ ಸಣ್ಣ ಶಾಫ್ಟ್, ಎಷ್ಟೇ ದೊಡ್ಡ ತೂತು ಸಿಕ್ಕರೂ 1 ಮೈಕ್ರಾನ್ ಬಿಗಿ ಇದ್ದೇ ಇರುತ್ತದೆ.

"1 ಮೈಕ್ರಾನಾ? ಅದನ್ನ ನಾನು ಹೊಡೆದೇ ಕೂರಿಸ್ತೀನಿ" ಎಂದ ಸುತ್ತಿಗೆ.

"ಅದೇ ಜೋಡಿ 35 ಮೈಕ್ರಾನ್ ಬಿಗಿಯೂ ಆಗಬಹುದು. ಹೊಡೀಬೇಡ, ಗಿಯರನ್ನ ಬಿಸಿ ಮಾಡು."

"ಬಿಸಿ ಮಾಡಿದರೆ ಉಕ್ಕು ಊದಿ ತೂತು ಮುಚ್ಕೊಳ್ಳಲ್ವಾ?" ಎಂದ ಎಣ್ಣೆಡಬ್ಬಿ.

ಎಲ್ಲರೂ ಒಮ್ಮೆಯಾದರೂ ಹೀಗೇ ಅಂದುಕೊಳ್ಳುತ್ತಾರೆ. ಆದರೆ ತೂತೂ ಗಿಯರಿನ ಜೊತೆಗೇ ಹಿಗ್ಗುತ್ತದೆ. ಉಕ್ಕಿನಲ್ಲಿ 25 ಮಿಲಿಮೀಟರ್ ತೂತು 100 ಡಿಗ್ರಿ ಬಿಸಿ ಏರಿದರೆ ಸುಮಾರು 0.03 ಮಿಲಿಮೀಟರ್ ದೊಡ್ಡದಾಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಮಾಡಿ ತೋರಿಸಲೇಬೇಕಲ್ಲ? ಗಿಯರ್ ಕಾಯಿಸಿ, ದಪ್ಪ ಕೈಗವಸು ಹಾಕಿ ಶಾಫ್ಟಿಗೆ ಇಳಿಸಿದೆ. ಸರ್‍ರನೆ ಇಳಿಯಿತು. ಅರ್ಧ ದಾರಿಯಲ್ಲಿ "ಸ್ವಲ್ಪ ವಾಲಿದೆ ಅಲ್ವಾ?" ಎಂದು ತಲೆ ಬಗ್ಗಿಸಿ ನೋಡಿದೆ. ಅಷ್ಟರಲ್ಲಿ ಗಿಯರಿನ ಬಿಸಿ ಶಾಫ್ಟಿಗೂ ಹತ್ತಿತ್ತು. ಗಿಯರ್ ಅಲ್ಲೇ ಕಚ್ಚಿಕೊಂಡಿತು. ಎಣ್ಣೆಡಬ್ಬಿ ಎಣ್ಣೆ ಬಿಟ್ಟ, ಎಣ್ಣೆಗೆ ಹೋಗಲು ಜಾಗವೇ ಇಲ್ಲ. ಕಚ್ಚಿಕೊಂಡಿದ್ದನ್ನು ಎಳೆದು ತೆಗೆಯುವ ಪುಲ್ಲರ್ ತಂದೆವು. ಅದರ ಕಾಲಿಗೆ ಹಿಡಿತ ಸಿಗುವ ಜಾಗವನ್ನು ಡ್ರಾಯಿಂಗಿನಲ್ಲಿ ನಾನು ಬಿಟ್ಟಿರಲೇ ಇಲ್ಲ.

ಈಗ ಆ ಗಿಯರ್-ಶಾಫ್ಟ್ ಜೋಡಿ ನನ್ನ ಮೇಜಿನ ಮೇಲೆ ಹಾಳೆ ಹಾರದಂತೆ ಕೂತಿದೆ. ಸುತ್ತಿಗೆ ಬಂದಾಗಲೆಲ್ಲ ಅದನ್ನು ಅಲ್ಲಾಡಿಸಿ ನೋಡಿ, "ಇದಪ್ಪಾ ಫಿಟ್ ಅಂದ್ರೆ!" ಎನ್ನುತ್ತಾನೆ.