ಉಳುಕಿ ವಾಸಿಯಾದ ಪಾದಕ್ಕೆ ಯಾವ ಬ್ಯಾಲೆನ್ಸ್ ಬೋರ್ಡ್ ಸೂಕ್ತ?

ಪ್ರಶ್ನೆ:
ಎರಡು ತಿಂಗಳ ಹಿಂದೆ ಮೆಟ್ಟಿಲಿಳಿಯುವಾಗ ನನ್ನ ಬಲ ಪಾದದ ಕೀಲು ಉಳುಕಿತ್ತು. ನೋವು, ಊತ ಎರಡೂ ಇಳಿದಿವೆಯಾದರೂ ಏರುತಗ್ಗಿನ ನೆಲದಲ್ಲಿ ನಡೆಯುವಾಗ ಪಾದ ಮತ್ತೆ ಹೊರಳಿಬಿಡುವಂತೆ ಭಾಸವಾಗುತ್ತದೆ. ಫಿಸಿಯೋಥೆರಪಿಸ್ಟ್ ಬ್ಯಾಲೆನ್ಸ್ ಬೋರ್ಡ್ ಅಭ್ಯಾಸ ಮಾಡಲು ಹೇಳಿದ್ದಾರೆ. ಒಂದೇ ದಿಕ್ಕಿನಲ್ಲಿ ತೂಗುವ ಹಲಗೆ, ಎಲ್ಲ ದಿಕ್ಕಿಗೂ ವಾಲುವ ದುಂಡು ಹಲಗೆ, ಇವೆರಡರಲ್ಲಿ ಯಾವುದರಿಂದ ಆರಂಭಿಸಬೇಕು?

ಉತ್ತರ 1:
ಒಂದೇ ದಿಕ್ಕಿನಲ್ಲಿ ತೂಗುವ ರಾಕರ್ ಬೋರ್ಡ್‌ನಿಂದಲೇ ಆರಂಭಿಸಿ. ಉಳುಕಿದಾಗ ಕೀಲಿನ ಮೂಳೆಗಳನ್ನು ಹಿಡಿದಿಡುವ ಅಸ್ಥಿರಜ್ಜುಗಳು (ಲಿಗಮೆಂಟ್) ಹಿಗ್ಗುವುದಷ್ಟೇ ಅಲ್ಲ, ಪಾದ ಯಾವ ಕೋನದಲ್ಲಿದೆ ಎಂಬುದನ್ನು ಮಿದುಳಿಗೆ ತಿಳಿಸುವ ಸೂಕ್ಷ್ಮ ಸಂವೇದನೆಯೂ ಮಂದವಾಗುತ್ತದೆ. ಆದ್ದರಿಂದಲೇ ನೋವು ಹೋದ ಮೇಲೂ ಪಾದದ ಮೇಲೆ ಭರವಸೆ ಬರುವುದಿಲ್ಲ. ಹಲಗೆ ವಾಲಿದಾಗ ಮೊಣಕಾಲಿನ ಕೆಳಗೆ ಹೊರಬದಿಯಲ್ಲಿರುವ ಸ್ನಾಯುಗಳು ತಟ್ಟನೆ ಬಿಗಿಯಾಗಿ ಪಾದವನ್ನು ಹಿಡಿದುಕೊಳ್ಳುತ್ತವೆ, ಈ ಪ್ರತಿಕ್ರಿಯೆಯನ್ನೇ ನಾವು ಮತ್ತೆ ಕಲಿಸಬೇಕಾಗಿರುವುದು. ಗೋಡೆಯ ಪಕ್ಕದಲ್ಲಿ, ಬರಿಗಾಲಿನಲ್ಲಿ, ಮೊಣಕಾಲನ್ನು ಸ್ವಲ್ಪ ಮಡಿಸಿ ಎರಡೂ ಕಾಲುಗಳ ಮೇಲೆ ನಿಲ್ಲಿ. ಹಲಗೆಯ ಅಂಚು ನೆಲಕ್ಕೆ ಬಡಿಯದಂತೆ 30 ಸೆಕೆಂಡು ನಿಲ್ಲಲು ಸಾಧ್ಯವಾದ ಮೇಲಷ್ಟೇ ದುಂಡು ಹಲಗೆಗೆ ಹೋಗಿ.

ಉತ್ತರ 2:
ಮೇಲಿನ ಮಾತು ಸರಿ. ನೋಟವನ್ನು ಪಾದಗಳ ಮೇಲಿಡದೆ ಎದುರಿನ ಗೋಡೆಯ ಒಂದು ಬಿಂದುವಿನ ಮೇಲಿಡಿ. ಕಣ್ಣು ಮುಚ್ಚಿ ನಿಲ್ಲುವುದು ಬಹಳ ಕಠಿಣ, ಅದನ್ನು ಅವಸರದಿಂದ ಪ್ರಯತ್ನಿಸಬೇಡಿ. ನನಗೂ ಹೀಗೆಯೇ ಆಗಿತ್ತು: ಮೊದಲ ವಾರ ಕಾಲ್ಬೆರಳುಗಳು ಹಲಗೆಯನ್ನು ಕಚ್ಚಿ ಹಿಡಿದಂತೆ ಮುದುಡುತ್ತಿದ್ದವು, ಅವು ಸಡಿಲವಾದಾಗಲೇ ಸುಧಾರಣೆ ಅರಿವಿಗೆ ಬಂದದ್ದು. ಅಭ್ಯಾಸದ ಮರುದಿನ ಊತ ಕಾಣಿಸಿದರೆ ನಿಲ್ಲಿಸಿ, ಫಿಸಿಯೋಥೆರಪಿಸ್ಟ್‌ಗೆ ತೋರಿಸಿ.